ರಜೆಗೆ ಟೈಮ್‌ಟೇಬಲ್ ಬೇಡ, ಮೂರು ಗೂಟ ಸಾಕು

ಪ್ರಶ್ನೆ: ಡಾಕ್ಟರೇ, ನಮಗೆ ಇಬ್ಬರು ಮಕ್ಕಳು. ಮಗನಿಗೆ 9 ವರ್ಷ, ಮಗಳಿಗೆ 5. ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರು. ಕಳೆದ ಬೇಸಿಗೆ ರಜೆಯಲ್ಲಿ ಮಗ ಮೂರು ಕೆಜಿ ಜಾಸ್ತಿಯಾದ. ರಾತ್ರಿ ಹನ್ನೆರಡರವರೆಗೆ ಮೊಬೈಲು, ಬೆಳಿಗ್ಗೆ ಹತ್ತಕ್ಕೆ ಏಳೋದು. ಸ್ಕೂಲು ಶುರುವಾದ ಮೇಲೆ ಸರಿಹೋಗಲು ಒಂದು ತಿಂಗಳೇ ಬೇಕಾಯಿತು. ಈ ಸಲ ಅರ್ಧ ರಜೆ ತಿಪಟೂರಿನ ಹತ್ತಿರ, ಅವರ ಅಜ್ಜಿ ಮನೆಯಲ್ಲಿ. ಅಲ್ಲಿ ನಮ್ಮತ್ತೆ ಮಕ್ಕಳು ಕೇಳಿದ್ದೆಲ್ಲ ಕೊಡುತ್ತಾರೆ, ನಾನು ಬಾಯಿ ಬಿಡುವ ಹಾಗಿಲ್ಲ. ನೀವೇ ಒಂದು ಟೈಮ್‌ಟೇಬಲ್ ಬರೆದುಕೊಟ್ಟರೆ ಫ್ರಿಜ್ಜಿನ ಮೇಲೆ ಅಂಟಿಸುತ್ತೇನೆ.

ಉತ್ತರ: ಟೈಮ್‌ಟೇಬಲ್ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ನಾನೂ ಬರೆದುಕೊಡುತ್ತಿದ್ದೆ. ಆರೂವರೆಗೆ ಏಳುವುದು, ಏಳಕ್ಕೆ ಯೋಗ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಕಾಪಿ ಬರೆಯುವುದು. ಮೂರನೇ ದಿನಕ್ಕೆ ಆ ಹಾಳೆ ಗಾಳಿಗೆ ಹಾರಾಡುತ್ತಿರುತ್ತದೆ, ನಾಲ್ಕನೇ ದಿನಕ್ಕೆ ಅಮ್ಮ ಮಗನ ನಡುವೆ ಜಗಳ. ರಜೆ ಅಂದ ಮೇಲೆ ಅದು ರಜೆಯಾಗಿರಬೇಕು, ಅಲ್ವಾ?

ನಿಮ್ಮ ಅತ್ತೆಯವರ ಕೊಟ್ಟಿಗೆಯಲ್ಲಿ ಹಸು ಇದ್ದರೆ ಒಮ್ಮೆ ನೋಡಿ. ಗೂಟ ಗಟ್ಟಿ ಇರುತ್ತದೆ, ಹಗ್ಗ ಮಾತ್ರ ಉದ್ದ. ಅಷ್ಟು ಸುತ್ತಳತೆಯಲ್ಲಿ ಹಸು ತನಗೆ ಬೇಕಾದ ಕಡೆ ಮೇಯುತ್ತದೆ. ಮಕ್ಕಳ ರಜೆಗೂ ಇಷ್ಟೇ ಸಾಕು. ಮೂರು ಗೂಟ ಹೊಡೆಯಿರಿ: ಏಳುವ ಹೊತ್ತು, ಉಣ್ಣುವ ಹೊತ್ತು, ಸಂಜೆ ಬಯಲಿನ ಆಟ. ಮಿಕ್ಕಿದ್ದು ಅವರ ಪಾಡಿಗೆ ಇರಲಿ.

ಮೊದಲು ಆ ಮೂರು ಕೆಜಿ ವಿಷಯ. ಈ ವಯಸ್ಸಿನ ಮಗು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಕೆಜಿ ಜಾಸ್ತಿಯಾಗುತ್ತದೆ. ನಿಮ್ಮ ಮಗ ಒಂದು ವರ್ಷದ್ದನ್ನು ಎರಡೇ ತಿಂಗಳಲ್ಲಿ ಮುಗಿಸಿದ್ದಾನೆ. ಗಾಬರಿಯಾಗುವಂಥದ್ದಲ್ಲ, ಆದರೆ ಪ್ರತಿ ಬೇಸಿಗೆಯೂ ಹೀಗೇ ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ. ಇದು ನಿಮ್ಮ ಮನೆಯಲ್ಲಿ ಮಾತ್ರ ಆಗುವುದೂ ಅಲ್ಲ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಮಕ್ಕಳನ್ನು ಶಾಲೆಗೆ ಸೇರಿದಾಗಿನಿಂದ ಎರಡನೇ ತರಗತಿ ಮುಗಿಯುವ ತನಕ ಅಳೆದು ತೂಗಿ ನೋಡಿದರು. 2016ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ತೂಕ ಹೆಚ್ಚಿದ್ದ ಮಕ್ಕಳ ಪ್ರಮಾಣ ಅಷ್ಟರಲ್ಲಿ ಶೇಕಡಾ 23.3ರಿಂದ 28.7ಕ್ಕೆ ಏರಿತ್ತು. ತಮಾಷೆ ಅಂದರೆ, ಆ ಏರಿಕೆ ಪೂರ್ತಿ ಆಗಿದ್ದು ನಡುವಿನ ಎರಡು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುವಾಗ ಏರಲೇ ಇಲ್ಲ.

ಅಲ್ಲಿನ ಬೇಸಿಗೆ ಬೇರೆ, ನಮ್ಮದು ಬೇರೆ. ಆದರೂ ಕಾರಣ ಒಂದೇ ಅಂತ ನನಗೆ ಅನಿಸುತ್ತದೆ. ನಾವು ಶಾಲೆ ಅಂದರೆ ಪಾಠ ಅಂದುಕೊಂಡಿದ್ದೇವೆ. ಅದರ ಜೊತೆಗೆ ಗಂಟೆಯೂ ಇದೆ. ಗಂಟೆ ಹೊಡೆದಾಗ ಡಬ್ಬಿ ತೆಗೆಯಬೇಕು, ಹೊಡೆದಾಗ ಮುಚ್ಚಬೇಕು. ಎರಡು ಪೀರಿಯಡ್ ನಡುವೆ ಅಡುಗೆಮನೆ ಸಿಗುವುದಿಲ್ಲ, ಸೋಫಾ ಸಿಗುವುದಿಲ್ಲ, ಫೋನು ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಆ ಗಂಟೆ ನಿಂತುಹೋಗುತ್ತದೆ. ಅದರ ಜಾಗಕ್ಕೆ ಏನಾದರೂ ಇಡಬೇಕು. ನನ್ನ ಮೂರು ಗೂಟ ಅಂದರೆ ಅದೇ.

ಏಳುವ ಹೊತ್ತು

ಎಲ್ಲರೂ ಮಲಗಿಸುವ ಹೊತ್ತಿನ ಬಗ್ಗೆ ಗುದ್ದಾಡುತ್ತಾರೆ. ಅದು ಸೋಲುವ ಜಗಳ. ನಿದ್ದೆ ಬಾರದ ಮಗುವನ್ನು ಬಲವಂತಕ್ಕೆ ಮಲಗಿಸಲು ಯಾರಿಂದಲೂ ಆಗದು. ಆದರೆ ಏಳಿಸಲು ಆಗುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು, ಕಣ್ಣಿಗೆ ಬಿಸಿಲಿನ ಬೆಳಕು ಬಿದ್ದರೆ ರಾತ್ರಿ ನಿದ್ದೆ ತಾನಾಗಿ ದಾರಿಗೆ ಬರುತ್ತದೆ. ಶಾಲೆ ಇರುವಾಗ ಆರೂವರೆಗೆ ಏಳುತ್ತಿದ್ದರೆ ರಜೆಯಲ್ಲಿ ಏಳೂವರೆ ಮಾಡಿ. ಒಂದು ಗಂಟೆ ಸಡಿಲ, ಅದಕ್ಕಿಂತ ಹೆಚ್ಚು ಬೇಡ. ಭಾನುವಾರಕ್ಕೂ ಅದೇ ಲೆಕ್ಕ.

9 ವರ್ಷದವನಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. 5 ವರ್ಷದವಳಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ 10ರಿಂದ 13 ಗಂಟೆ. ಏಳೂವರೆಗೆ ಏಳಬೇಕಾದರೆ ಅವನು ಹತ್ತಕ್ಕಾದರೂ ಮಲಗಿರಬೇಕು ಅಂತಾಯಿತು. ಮಧ್ಯಾಹ್ನ ದೊಡ್ಡವನು ಎರಡು ಮೂರು ಗಂಟೆ ಮಲಗಿದರೆ ರಾತ್ರಿ ಹತ್ತಕ್ಕೆ ಅವನ ಕಣ್ಣು ಟಾರ್ಚಿನ ಹಾಗೆ ಇರುತ್ತದೆ. ಅವನನ್ನು ಮಧ್ಯಾಹ್ನ ಮಲಗಿಸದಿದ್ದರೂ ನಡೆಯುತ್ತದೆ.

ಮೊಬೈಲಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ಗಂಟೆ ಅಂತ ಎಲ್ಲರೂ ಕೇಳುತ್ತಾರೆ. ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವುದು ಹೀಗೆ: 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, 5ರಿಂದ 10ರವರಿಗೆ ಎರಡು ಗಂಟೆಯೊಳಗೆ ಇರಬೇಕು. ಒಳ್ಳೆಯ ಲೆಕ್ಕವೇ. ಆದರೆ ನೀವಿಬ್ಬರೂ ಆಫೀಸಿನಲ್ಲಿ ಇರುವಾಗ ಗಡಿಯಾರ ಹಿಡಿದು ಕೂರುವವರು ಯಾರು? ಅದಕ್ಕೇ ನಾನು ಗಂಟೆಗಿಂತ ಜಾಗ ನೋಡಿ ಅನ್ನುತ್ತೇನೆ. ಊಟದ ತಟ್ಟೆ ಮುಂದೆ ಫೋನು ಇಲ್ಲ. ಹಾಸಿಗೆ ಮೇಲೆ ಫೋನು ಇಲ್ಲ. ಮಲಗುವ ಒಂದು ಗಂಟೆ ಮುಂಚೆ ಮನೆಯ ಎಲ್ಲ ಫೋನುಗಳೂ ಹಾಲ್‌ನಲ್ಲಿ, ಒಂದೇ ಕಡೆ ಚಾರ್ಜಿಗೆ. ಎಲ್ಲ ಅಂದರೆ ನಿಮ್ಮದೂ ಸೇರಿ. ಇದೊಂದರಲ್ಲಿ ಅಪ್ಪಂದಿರು ತಪ್ಪಿಸಿಕೊಳ್ಳಲು ನೋಡುತ್ತಾರೆ, ಬಿಡಬೇಡಿ.

ಉಣ್ಣುವ ಹೊತ್ತು

ಮೇ ತಿಂಗಳಲ್ಲಿ ನನ್ನ ಕ್ಲಿನಿಕ್ಕಿಗೆ ಬಂದ ತಾಯಿಯೊಬ್ಬರು "ಇವನು ಏನೂ ತಿನ್ನಲ್ಲ ಡಾಕ್ಟರೇ, ಒಂದು ಚಪಾತಿ ತಿನ್ನಿಸಲು ಒದ್ದಾಟ" ಅಂದರು. ಹುಡುಗನ ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ, ಸೇಫ್ಟಿ ಪಿನ್ನು ಚುಚ್ಚಿದ್ದರು. ಬೆಳಿಗ್ಗೆಯಿಂದ ಬಾಯಿಗೆ ಹಾಕಿದ್ದೆಲ್ಲ ಹೇಳಪ್ಪಾ ಅಂತ ಅವನನ್ನೇ ಕೇಳಿದೆ. ಬೆರಳು ಮಡಚುತ್ತಾ ಹೇಳಿದ: ಹಾಲು ಬಿಸ್ಕತ್ತು, ಒಂದು ದೋಸೆ, ಚಿಪ್ಸು, ಜ್ಯೂಸು, ಇನ್ನೊಂದು ಜ್ಯೂಸು, ಮಿಕ್ಸ್ಚರ್, ಐಸ್‌ಕ್ಯಾಂಡಿ. ಆಗ ಗಂಟೆ ಹನ್ನೆರಡೂವರೆ. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ.

ಆ ಹುಡುಗ ದುರಾಸೆಯವನಲ್ಲ. ಅವನಿಗೆ ಹಸಿವು ಆಗಲು ಯಾರೂ ಬಿಟ್ಟೇ ಇಲ್ಲ, ಅಷ್ಟೇ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಒಂದು ತಿನಿಸು, ರಾತ್ರಿ ಊಟ. ನಾಲ್ಕು ಸಲ, ಕೂತು ತಿನ್ನುವುದು. ನಡುವೆ ಬಾಯಾರಿದರೆ ನೀರು, ಮಜ್ಜಿಗೆ. ಹಸಿವು ಅಂದರೆ ಹಣ್ಣು. ಇಷ್ಟೇ ಗೂಟ. ಏನು ತಿನ್ನಬೇಕು ಅನ್ನುವುದರಲ್ಲಿ ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಬೇಸಿಗೆಯಲ್ಲಿ ಐಸ್‌ಕ್ರೀಮ್ ತಿನ್ನದ ಬಾಲ್ಯವೂ ಒಂದು ಬಾಲ್ಯವೇ? ವಾರಕ್ಕೆ ಒಂದೆರಡು ಸಲ, ಎಲ್ಲರೂ ಸೇರಿ ಹೊರಗೆ ಹೋಗಿ ತಿನ್ನಿ. ಫ್ರೀಜರಿನಲ್ಲಿ ಡಬ್ಬಗಟ್ಟಲೆ ತಂದಿಡಬೇಡಿ.

ಕೂಲ್ ಡ್ರಿಂಕ್ಸ್ ಮತ್ತು ಪ್ಯಾಕೆಟ್ ಜ್ಯೂಸ್ ಬಗ್ಗೆ ಮಾತ್ರ ನನ್ನದು ಬಿಗಿ. ಒಂದು ಆಟ ಹೇಳಿಕೊಡುತ್ತೇನೆ, ಮಗನ ಜೊತೆ ಆಡಿ. ಕೂಲ್ ಡ್ರಿಂಕ್ಸಿನ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ 100 ಮಿಲಿಗೆ ಎಷ್ಟು ಗ್ರಾಂ ಸಕ್ಕರೆ ಅಂತ ಬರೆದಿರುತ್ತದೆ. ಕೋಲಾದಲ್ಲಿ ಸುಮಾರು 10ರಿಂದ 11 ಗ್ರಾಂ. ಅಂದರೆ 250 ಮಿಲಿಗೆ 26 ಗ್ರಾಂ ಆಸುಪಾಸು. ಟೀ ಚಮಚಕ್ಕೆ ನಾಲ್ಕು ಗ್ರಾಂ ಹಿಡಿಯಿರಿ. ಖಾಲಿ ಲೋಟ ಇಟ್ಟು, ಸಕ್ಕರೆ ಡಬ್ಬಿ ಅವನ ಕೈಗೆ ಕೊಟ್ಟು, ಅವನಿಂದಲೇ ಎಣಿಸಿ ಹಾಕಿಸಿ. ಒಂದು, ಎರಡು, ಮೂರು... ಆರೂವರೆ ಚಮಚ. ಇಷ್ಟು ಸಕ್ಕರೆ ಹಾಕಿದ ಕಾಫಿಯನ್ನು ನಿಮ್ಮ ಮನೆಯಲ್ಲಿ ಯಾರೂ ಕುಡಿಯಲಾರರು. ಮಕ್ಕಳಿಗೆ ಇಡೀ ದಿನಕ್ಕೆ ಮೇಲಿಂದ ಹಾಕುವ ಸಕ್ಕರೆ 25 ಗ್ರಾಂ ಒಳಗಿರಲಿ ಅಂತ ಹೇಳುತ್ತೇವೆ. ಒಂದೇ ಬಾಟಲಿಗೆ ಕೋಟಾ ಮುಗಿಯಿತು. ನಾನು ನೂರು ಸಲ ಹೇಳಿದ್ದಕ್ಕಿಂತ ಆ ಲೋಟ ಒಂದು ಸಲ ಹೇಳುವುದು ಜಾಸ್ತಿ.

ಬದಲಿಗೆ ಏನು? ನಮ್ಮಲ್ಲಿ ಇಲ್ಲದ್ದು ಏನಿದೆ ಹೇಳಿ. ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು, ಕರಿಬೇವು, ಶುಂಠಿ. ರಾಗಿ ಅಂಬಲಿ. ಎಳನೀರು, ಅದೂ ತಿಪಟೂರಿನಲ್ಲಿ! ಕಲ್ಲಂಗಡಿ, ಕರಬೂಜ, ತಾಟಿನುಂಗು ಸಿಕ್ಕರೆ ತಾಟಿನುಂಗು. ಕರಾವಳಿಯವರಾದರೆ ಪುನರ್ಪುಳಿ ಅನ್ನುತ್ತಿದ್ದೆ. ಪಾನಕವೂ ಸರಿ, ಆದರೆ ಬೆಲ್ಲವೂ ಸಕ್ಕರೆಯ ಅಣ್ಣನೇ. ಬೆಲ್ಲ ಅಂತ ಧಾರಾಳವಾಗಿ ಸುರಿಯಬೇಡಿ, ನಿಂಬೆಹುಳಿ ಮುಂದೆ ಇರಲಿ, ಸಿಹಿ ಹಿಂದೆ ಇರಲಿ.

ಮಾವಿನಹಣ್ಣಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ತಿನ್ನಲಿ. ದಿನಕ್ಕೆ ಒಂದು ಹಣ್ಣು, ಊಟದ ಜೊತೆಗೋ ಸಂಜೆಯ ತಿನಿಸಾಗಿಯೋ. ಹಣ್ಣು ತಿಂದು ಯಾವ ಮಗುವೂ ಕೆಟ್ಟಿಲ್ಲ. ಕೆಡಿಸುವುದು ಸೀಕರಣೆಗೆ ಸೇರುವ ನಾಲ್ಕು ಚಮಚ ಸಕ್ಕರೆ. "ಮಾವು ಉಷ್ಣ, ಗುಳ್ಳೆ ಬರುತ್ತೆ" ಅನ್ನುವುದರಲ್ಲಿ ಅರ್ಧ ನಿಜ ಇದೆ. ತೊಟ್ಟಿನ ಸೊನೆ ಚರ್ಮಕ್ಕೆ ತಾಗಿದರೆ ಬಾಯಿಯ ಸುತ್ತ ಉರಿದು ಗುಳ್ಳೆ ಬರುತ್ತದೆ. ತೊಟ್ಟು ಕತ್ತರಿಸಿ, ನೀರಿನಲ್ಲಿ ನೆನೆಸಿಟ್ಟು, ತೊಳೆದು ಕೊಡಿ. ಮೈಮೇಲಿನ ಸಣ್ಣ ಗುಳ್ಳೆಗಳು ಬಹುತೇಕ ಬೆವರುಸಾಲೆ. ಅದಕ್ಕೆ ಮಾವಿನಹಣ್ಣನ್ನು ದೂರಬೇಡಿ, ನೈಲಾನ್ ಅಂಗಿ ತೆಗೆದು ಹತ್ತಿಯದ್ದು ಹಾಕಿ.

ಇನ್ನು ನಿಮ್ಮ ಅತ್ತೆ. ಅಜ್ಜಿಯ ಮೇಲೆ ಯುದ್ಧ ಸಾರಿ ಗೆದ್ದ ಸೊಸೆಯನ್ನು ನಾನು ಈವರೆಗೆ ಕಂಡಿಲ್ಲ. ಮೊಮ್ಮಕ್ಕಳು ಬಸ್ಸಿಳಿದ ಕೂಡಲೇ "ಅಯ್ಯೋ, ಎಷ್ಟು ಸೊರಗಿ ಹೋಗಿದೆ ಕೂಸು" ಅನ್ನುವುದು ಅವರ ಪ್ರೀತಿಯ ಭಾಷೆ. ಆ ಪ್ರೀತಿಗೆ ಒಂದು ಕೆಲಸ ಕೊಡಿ. "ಅತ್ತೆ, ನೀವು ಮಾಡೋ ಮಜ್ಜಿಗೆ, ಅಂಬಲಿ ಬಿಟ್ಟು ಬೇರೆ ಏನೂ ಇವನಿಗೆ ರುಚಿಸಲ್ಲ" ಅಂದು ನೋಡಿ. ಹೆಸರುಬೇಳೆ ಕೋಸಂಬರಿ, ಕಡಲೆಕಾಯಿ ಬೇಯಿಸಿದ್ದು, ಅವರೇ ಮಾಡುವ ರೊಟ್ಟಿ, ಇವುಗಳಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕೊಬ್ಬರಿ ಬೆಲ್ಲ ದಿನಾ ಒಂದು ತುಂಡು ಕೊಟ್ಟರೆ ನಾನು ನೋಡಲಿಲ್ಲ ಅಂದುಕೊಳ್ಳುತ್ತೇನೆ. ಅಂಗಡಿಯ ಪ್ಯಾಕೆಟ್ ತಿಂಡಿ, ಕೂಲ್ ಡ್ರಿಂಕ್ಸ್ ಮಾತ್ರ ಬೇಡ. ಆ ಮಾತನ್ನು ನೀವು ಹೇಳಬೇಡಿ, ನಿಮ್ಮ ಯಜಮಾನರ ಬಾಯಿಂದ ಹೇಳಿಸಿ. "ಡಾಕ್ಟ್ರು ಹೇಳಿದಾರಮ್ಮ" ಅಂತ ನನ್ನ ಮೇಲೆ ಹಾಕಲಿ, ನನಗೇನೂ ಬೇಜಾರಿಲ್ಲ.

ಒಂದು ಪಕ್ಕದ ಮಾತು. ನಾವಿಲ್ಲಿ ತಿನ್ನುವುದು ಜಾಸ್ತಿಯಾಯಿತು ಅಂತ ಚಿಂತೆ ಮಾಡುತ್ತಿದ್ದೇವೆ. ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ರಜೆ ಅಂದರೆ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಎಲ್ಲ ಒಟ್ಟಿಗೆ ನಿಲ್ಲುವ ಕಾಲ. ಬರಗಾಲ ಬಂದ ವರ್ಷಗಳಲ್ಲಿ ಸರ್ಕಾರ ಬೇಸಿಗೆಯಲ್ಲೂ ಬಿಸಿಯೂಟ ಕೊಟ್ಟಿದ್ದುಂಟು. ನಿಮ್ಮ ಮನೆಗೆಲಸಕ್ಕೆ ಬರುವವರ ಮಗು ರಜೆಯಲ್ಲಿ ಜೊತೆಗೆ ಬಂದರೆ ಅದಕ್ಕೂ ಒಂದು ತಟ್ಟೆ ಇಡಿ. ನಿಮ್ಮ ಮಕ್ಕಳಿಗೂ ಆಟಕ್ಕೆ ಜೊತೆ ಸಿಗುತ್ತದೆ.

ಸಂಜೆಯ ಬಯಲು

ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುತ್ತದೆ. ಬೇಸಿಗೆಯಲ್ಲಿ ಅದು ಹತ್ತು ಗಂಟೆಗೆ ಮುಂಚೆ, ಇಲ್ಲವೇ ನಾಲ್ಕೂವರೆ ಮೇಲೆ. ನಡುವಿನ ಬಿಸಿಲು ಬೇಡ.

ಬಯಲಿಗೆ ಇನ್ನೊಂದು ಕಾರಣವೂ ಇದೆ, ಅದು ಅನೇಕರಿಗೆ ಗೊತ್ತಿಲ್ಲ: ಕಣ್ಣು. ಚೀನಾದ ಗ್ವಾಂಗ್‌ಝೌ ಊರಿನಲ್ಲಿ ಒಂದನೇ ತರಗತಿಯ ಮಕ್ಕಳಲ್ಲಿ ಕೆಲವು ಶಾಲೆಯವರನ್ನು ದಿನಾ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷ ಕಳೆದಾಗ ಹೊರಗೆ ಬಿಟ್ಟ ಗುಂಪಿನಲ್ಲಿ ಶೇಕಡಾ 30.4 ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಂಜಾಗಿ ಕಾಣುವ ತೊಂದರೆ, ಬಂದಿತ್ತು, ಉಳಿದವರಲ್ಲಿ 39.5. ಇದು 2015ರಲ್ಲಿ ಪ್ರಕಟವಾದ ಲೆಕ್ಕ. ಮನೆಯ ಟ್ಯೂಬ್‌ಲೈಟು ಎಷ್ಟೇ ಉರಿದರೂ ಬಯಲಿನ ಬೆಳಕಿಗೆ ಸಮ ಬರುವುದಿಲ್ಲ. ನೆರಳಿನಲ್ಲಿ ಆಡಿದರೂ ಸಾಕು. ಕನ್ನಡಕದ ಅಂಗಡಿಗೆ ಹೋಗುವುದನ್ನು ಲಗೋರಿ ಸ್ವಲ್ಪವಾದರೂ ಮುಂದೂಡುತ್ತದೆ ಅನ್ನಿ.

ಊರಿನಲ್ಲಿ ಇದಕ್ಕೆ ಹೇಳಿಕೊಡಬೇಕಾದ್ದಿಲ್ಲ. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ, ಮರ ಹತ್ತುವುದು. ಬೆಂಗಳೂರಿನಲ್ಲಿ ಕಷ್ಟ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸೈಕಲ್ ಹೊಡೆದರೂ ಬೆವರು ಬರುತ್ತದೆ, ಬೆಳಕು ಸಿಗದು. ಹತ್ತಿರದ ಪಾರ್ಕಿಗೆ ಕಳಿಸಿ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಅರ್ಧ ದಿನದ ಶಿಬಿರ ಒಳ್ಳೆಯದೇ. ಶಿಬಿರ ಆರಿಸುವಾಗ ಫೀಸಿಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ಮಕ್ಕಳು ಎಷ್ಟು ಹೊತ್ತು ಕುರ್ಚಿಯಿಂದ ಎದ್ದಿರುತ್ತಾರೆ? ಅಬ್ಯಾಕಸ್, ಕೋಡಿಂಗ್, ಹ್ಯಾಂಡ್‌ರೈಟಿಂಗ್ ಅಂತ ಮೂರು ಗಂಟೆ ಕೂರಿಸಿದರೆ ಅದಕ್ಕೆ ಶಿಬಿರ ಅಂತ ಯಾಕೆ ಅನ್ನಬೇಕು, ಶಾಲೆ ಅಂದರಾಯಿತು.

ಮಧ್ಯಾಹ್ನದ ಬಿಸಿಲಿಗೆ ಚೌಕಾಬಾರ, ಅಳಗುಳಿಮನೆ, ಕೇರಂ. ಅಜ್ಜಿಯ ಜೊತೆ ಸಂಡಿಗೆ ಒತ್ತುವುದು, ಕಾಗೆ ಓಡಿಸುವುದು. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಇದೂ ಬೇಡ, ಅದೂ ಬೇಡ ಅಂದರೆ ಬೋರಾಗಲಿ ಬಿಡಿ. "ಅಮ್ಮಾ ಬೋರು" ಅಂದ ಹತ್ತು ನಿಮಿಷಕ್ಕೆ ಮಕ್ಕಳು ತಾವೇ ಏನಾದರೂ ಹುಡುಕಿಕೊಳ್ಳುತ್ತಾರೆ. ಆ ಹತ್ತು ನಿಮಿಷ ತಡೆಯಲಾರದೆ ನಾವು ಫೋನು ಕೊಟ್ಟುಬಿಡುತ್ತೇವೆ.

ನೀರು, ಬಿಸಿಲು, ಕೃಷಿಹೊಂಡ

ಎಷ್ಟು ಲೀಟರ್ ಅಂತ ಅಳೆಯಬೇಡಿ. ಮೂತ್ರದ ಬಣ್ಣ ನೋಡಲು ಮಗನಿಗೇ ಹೇಳಿಕೊಡಿ. ತಿಳಿಯಾಗಿದ್ದರೆ ಸರಿ, ಗಾಢ ಹಳದಿ ಆದರೆ ಎರಡು ಲೋಟ ನೀರು. ಮಕ್ಕಳಿಗೆ ಇದು ತಮಾಷೆ ಅನಿಸಿ ನಿಯತ್ತಾಗಿ ಮಾಡುತ್ತಾರೆ.

ವಾಂತಿ ಭೇದಿ ಬೇಸಿಗೆಯಲ್ಲಿ ಬಂದೇ ಬರುತ್ತದೆ. ಓಆರ್‌ಎಸ್ ಪ್ಯಾಕೆಟ್ ನಾಲ್ಕು ಊರಿಗೆ ಕಳಿಸಿ. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಕಲಸಬೇಕು, 24 ಗಂಟೆ ಆದ ಮೇಲೆ ಚೆಲ್ಲಬೇಕು. ಹಣ್ಣಿನ ಚಿತ್ರ ಹಾಕಿ, ರೆಡಿಮೇಡ್ ಡಬ್ಬಿಯಲ್ಲಿ ಓಆರ್‌ಎಸ್ ಅಂತ ಮಾರುತ್ತಿದ್ದ ಸಿಹಿ ಪಾನೀಯಗಳನ್ನು ನಂಬಬೇಡಿ. ಓಆರ್‌ಎಸ್‌ನ ನಿಗದಿತ ಸೂತ್ರಕ್ಕೆ ಸರಿಹೊಂದದ ಪಾನೀಯಕ್ಕೆ ಆ ಹೆಸರು ಇಡಬಾರದು ಅಂತ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಪ್ಯಾಕೆಟ್ ಸಿಗದ ಕಡೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು.

ಇನ್ನು ನೀವು ಕೇಳದೇ ಇದ್ದದ್ದು, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ಏಪ್ರಿಲ್, ಮೇನಲ್ಲಿ ರಜೆಗೆ ಅಂತ ಊರಿಗೆ ಹೋದ ಮಕ್ಕಳು ಕೆರೆಯಲ್ಲಿ, ಬಾವಿಯಲ್ಲಿ, ಕೃಷಿಹೊಂಡದಲ್ಲಿ ಮುಳುಗಿದ ಸುದ್ದಿ ಪೇಪರಿನಲ್ಲಿ ಇದ್ದೇ ಇರುತ್ತದೆ. ಕೃಷಿಹೊಂಡ ನೋಡಲು ಈಜುಕೊಳದ ಹಾಗೆ ಕಾಣುತ್ತದೆ. ಅದರ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಂದವರಿಗೂ ಹತ್ತಲು ಕಷ್ಟ. ತೋಟದಲ್ಲಿ ಹೊಂಡ ಇದ್ದರೆ ಬೇಲಿ ಇದೆಯಾ, ಹಗ್ಗ ಇಳಿಬಿಟ್ಟಿದೆಯಾ ಅಂತ ಹೋದ ಮೊದಲ ದಿನವೇ ನಿಮ್ಮ ಯಜಮಾನರು ನೋಡಲಿ. ದೊಡ್ಡವರಿಲ್ಲದೆ ನೀರಿಗೆ ಇಳಿಯುವಂತಿಲ್ಲ, ಇದರಲ್ಲಿ ಉದ್ದ ಹಗ್ಗದ ಮಾತೇ ಇಲ್ಲ. ಯಾರಾದರೂ ಬಿದ್ದರೆ ಹಾರಬಾರದು, ಕೂಗಬೇಕು, ಹಗ್ಗ, ಪೈಪು, ಸೀರೆ ಏನಾದರೂ ಎಸೆಯಬೇಕು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಮೇಲೆತ್ತಿದ ಮಗು ಉಸಿರಾಡದಿದ್ದರೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಮಾಡಬೇಡಿ. ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಜೊತೆಯಲ್ಲಿದ್ದವರು 108ಕ್ಕೆ ಫೋನು ಮಾಡಬೇಕು. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಇದನ್ನು ಕಲಿತಿರಿ. ಈಜು ಕಲಿಸಲು ರಜೆಗಿಂತ ಒಳ್ಳೆಯ ಕಾಲ ಇಲ್ಲ, ಕಲಿಸುವವರು ಪಕ್ಕದಲ್ಲೇ ನೀರಿನಲ್ಲಿ ಇರಬೇಕು ಅಷ್ಟೇ.

ವಾಪಸ್ ಬರುವಾಗ

ಶಾಲೆ ಶುರುವಾಗುವ ಹತ್ತು ದಿನ ಮುಂಚೆ ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಏಳೂವರೆ, ಏಳೂಕಾಲು, ಏಳು. ಎಂಟು ದಿನಕ್ಕೆ ಆರೂವರೆಗೆ ಬಂದಿರುತ್ತೀರಿ. ಕಳೆದ ವರ್ಷ ಹತ್ತು ಗಂಟೆಗೆ ಏಳುತ್ತಿದ್ದವನನ್ನು ಒಂದೇ ದಿನದಲ್ಲಿ ಆರೂವರೆಗೆ ಎಬ್ಬಿಸಿದಿರಿ, ಅದಕ್ಕೇ ತಿಂಗಳು ಹಿಡಿಯಿತು.

ತೂಕ ದಿನಾ ನೋಡಬೇಡಿ, ಮಗನ ಮುಂದೆ ತೂಕದ ಮಾತು ಆಡಲೂ ಬೇಡಿ. "ಗುಂಡ" ಅಂತ ಮುದ್ದಿಗೆ ಕರೆದರೂ 9 ವರ್ಷದವನಿಗೆ ಅದು ನಾಟುತ್ತದೆ. ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಎತ್ತರ, ತೂಕ ಬರೆದಿಡಿ ಸಾಕು. ಕುತ್ತಿಗೆಯ ಹಿಂದೆ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ, ರಾತ್ರಿ ಗೊರಕೆ ಜೋರಾಗಿದ್ದರೆ, ಬಾಯಾರಿಕೆ ಮತ್ತು ಮೂತ್ರ ವಿಪರೀತ ಆದರೆ ರಜೆ ಮುಗಿಯಲಿ ಅಂತ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ರಾತ್ರಿ ಹಲ್ಲುಜ್ಜುವುದು ಊರಿಗೆ ಹೋದಾಗ ಮೊದಲು ತಪ್ಪಿಹೋಗುವ ಅಭ್ಯಾಸ. ಬ್ರಷ್ಷು ಬ್ಯಾಗಿನಲ್ಲಿ ಮೇಲೆಯೇ ಇಡಿ. ಮಗಳಿಗೆ 5 ತುಂಬಿದೆಯಲ್ಲ, ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್ 5ರಿಂದ 6 ವರ್ಷದೊಳಗೆ ಆಗಬೇಕು. ಚುಚ್ಚಿದ ಕೈ ಎರಡು ದಿನ ನೋಯಬಹುದು, ಜ್ವರವೂ ಬರಬಹುದು. ರಜೆಯಲ್ಲೇ ಮುಗಿಸಿಬಿಡಿ, ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ.